ಇನ್ಶೂರೆನ್ಸ್ ಇದ್ದರೂ ‘ದುಡ್ಡು ಕಟ್ಟಿ’ ಅಂತ ನೋಟಿಸ್ ಬರುವುದೇಕೆ?

2025ರಲ್ಲಿ ವಾಹನ ವಿಮೆಯ ಬಗ್ಗೆ ಸುಪ್ರೀಂ ಕೋರ್ಟ್‌ನಿಂದ ಬಂದ ಎರಡು ಸುದ್ದಿ ಬಹಳ ಜನರನ್ನು ಗೊಂದಲಕ್ಕೆ ಕೆಡವಿದವು. ಎರಡೂ ಕರ್ನಾಟಕದ ಅಪಘಾತಗಳೇ. ಜುಲೈನಲ್ಲಿ ಬಂದದ್ದು ಅರಸೀಕೆರೆ ಕಡೆಗೆ ಹೊರಟಿದ್ದ ಒಂದು ಕಾರಿನ ಪ್ರಕರಣ. ಅಜಾಗರೂಕತೆಯಿಂದ ಗಾಡಿ ಓಡಿಸಿ ತಾವೇ ಸತ್ತವರ ಮನೆಯವರಿಗೆ ಪರಿಹಾರ ಸಿಗುವುದಿಲ್ಲ ಎಂದು ಹೈಕೋರ್ಟ್ ಹೇಳಿತ್ತು. ಆ ತೀರ್ಪನ್ನು ಬದಲಿಸಲು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅಕ್ಟೋಬರ್ ಕೊನೆಯಲ್ಲಿ ಬಂದದ್ದು ಒಂದು ಬಸ್ಸಿನ ಪ್ರಕರಣ. 2014ರಲ್ಲಿ ಆ ಬಸ್ಸು ಡಿಕ್ಕಿ ಹೊಡೆದು ಬೈಕ್ ಸವಾರ ಸತ್ತಿದ್ದ. ಬಸ್ಸು ಪರ್ಮಿಟ್‌ನಲ್ಲಿ ಇಲ್ಲದ ದಾರಿಯಲ್ಲಿ ಓಡುತ್ತಿತ್ತು. ಆದರೂ ವಿಮಾ ಕಂಪನಿ ಪರಿಹಾರ ಕೊಡಲೇಬೇಕು ಎಂದು ಕೋರ್ಟ್ ಹೇಳಿತು.

ಮೊದಲ ಸುದ್ದಿ ಓದಿದವರು ‘ಹಾಗಾದರೆ ಇನ್ಶೂರೆನ್ಸ್ ಯಾಕೆ ಕಟ್ಟಬೇಕು’ ಅಂದರು. ಎರಡನೆಯದನ್ನು ಓದಿದವರು ‘ನಿಯಮ ಮುರಿದರೂ ಕಂಪನಿಯೇ ನೋಡಿಕೊಳ್ಳುತ್ತದೆ’ ಅಂದುಕೊಂಡರು. ಎರಡೂ ತಪ್ಪು. ಅದರಲ್ಲೂ ಎರಡನೆಯದು ಜಾಸ್ತಿ ಅಪಾಯದ ತಪ್ಪು. ಯಾಕೆಂದರೆ ಬಸ್ಸಿನ ತೀರ್ಪಿನ ಇನ್ನರ್ಧ ಭಾಗ ತಲೆಬರಹಕ್ಕೆ ಬರಲೇ ಇಲ್ಲ. ಕಂಪನಿ ಸತ್ತವರ ಕುಟುಂಬಕ್ಕೆ ದುಡ್ಡು ಕೊಡಬೇಕು, ಆಮೇಲೆ ಅದೇ ದುಡ್ಡನ್ನು ಬಸ್ ಮಾಲೀಕರಿಂದ ವಸೂಲಿ ಮಾಡಿಕೊಳ್ಳಬಹುದು. ಇದು ಆ ಇನ್ನರ್ಧ.

ಕಾರು, ಆಟೊ, ಟಾಟಾ ಏಸ್, ಬೈಕ್ ಇರುವ ಎಷ್ಟೋ ಮನೆಗಳಿಗೆ ಅಪಘಾತವಾದ ವರ್ಷಗಳ ನಂತರ ಒಂದು ಲಕೋಟೆ ಬರುವುದು ಈ ಇನ್ನರ್ಧದಿಂದಲೇ.

ಪಾಲಿಸಿಯಲ್ಲಿ ಇರುವವರು ಮೂವರು

ಗಾಡಿಗೆ ಕಡ್ಡಾಯವಾಗಿ ಮಾಡಿಸಬೇಕಾದದ್ದು ಥರ್ಡ್ ಪಾರ್ಟಿ ವಿಮೆ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಹೇಳುವುದು ಇದನ್ನೇ. ಇಲ್ಲಿ ಮೊದಲನೆಯವರು ಗಾಡಿಯ ಮಾಲೀಕರು. ಎರಡನೆಯವರು ವಿಮಾ ಕಂಪನಿ. ಮೂರನೆಯವರು ರಸ್ತೆಯಲ್ಲಿ ನಮ್ಮ ಗಾಡಿಯಿಂದ ಪೆಟ್ಟು ತಿಂದವರು. ನಡೆದು ಹೋಗುತ್ತಿದ್ದವರಿರಬಹುದು, ಸೈಕಲ್ಲಿನವರಿರಬಹುದು, ಎದುರಿನ ಬೈಕಿನವರಿರಬಹುದು.

ಕಾನೂನು ಈ ವಿಮೆಯನ್ನು ಕಡ್ಡಾಯ ಮಾಡಿದ್ದು ಆ ಮೂರನೆಯವರಿಗಾಗಿ. ಮಾಲೀಕರ ಜೇಬು ಉಳಿಯುವುದು ಅದರಿಂದ ಸಿಗುವ ಇನ್ನೊಂದು ಲಾಭ, ಅಷ್ಟೆ. ಪಾಲಿಸಿಯ ಷರತ್ತುಗಳಂತೆ ನಡೆದುಕೊಂಡಿದ್ದರೆ ಮಾತ್ರ ಆ ಲಾಭ ಸಿಗುತ್ತದೆ.

ಇದು ಅರ್ಥವಾದರೆ ಅರಸೀಕೆರೆ ಪ್ರಕರಣದ ಗೊಂದಲವೂ ಬಗೆಹರಿಯುತ್ತದೆ. ತನ್ನ ತಪ್ಪಿನಿಂದಲೇ ಸತ್ತ ಚಾಲಕ ಮೂರನೆಯವನಾಗುವುದಿಲ್ಲ. ಅಪಘಾತ ಮಾಡಿದವನೇ ಅಪಘಾತಕ್ಕೆ ಪರಿಹಾರ ಕೇಳಿದಂತಾಗುತ್ತದೆ. ಓಡಿಸುವ ಮಾಲೀಕರ ಸಾವಿಗೆ ಬೇರೆಯದೇ ರಕ್ಷಣೆ ಇದೆ. 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಅದು, ಅದಕ್ಕೆ ಪ್ರೀಮಿಯಂ ಬೇರೆ. ಹಾಗಾಗಿ ‘ಅಜಾಗರೂಕತೆಯಿಂದ ಓಡಿಸಿದರೆ ವಿಮೆಯೇ ಇಲ್ಲ’ ಅನ್ನುವುದು ನಿಜವಲ್ಲ. ಚಾಲಕರ ಅಜಾಗರೂಕತೆಯಿಂದ ಬೇರೆಯವರಿಗೆ ಆಗುವ ಹಾನಿಗೆಂದೇ ಥರ್ಡ್ ಪಾರ್ಟಿ ವಿಮೆ ಇರುವುದು.

‘ಮೊದಲು ಕೊಡಿ, ಆಮೇಲೆ ವಸೂಲಿ ಮಾಡಿ’

ಈಗ ನಮ್ಮ ಪ್ರಶ್ನೆಗೆ ಬರೋಣ. ಮಾಲೀಕರು ಪ್ರೀಮಿಯಂ ಕಟ್ಟಿದ್ದಾರೆ, ಆದರೆ ಲೈಸೆನ್ಸ್ ಇಲ್ಲದವರ ಕೈಗೆ ಗಾಡಿ ಕೊಟ್ಟಿದ್ದಾರೆ. ಆ ಗಾಡಿ ಹೊಡೆದು ಒಬ್ಬರು ಸತ್ತರು. ಪರಿಹಾರ ಯಾರು ಕೊಡಬೇಕು?

ಕಂಪನಿಯನ್ನು ಬಿಟ್ಟುಬಿಟ್ಟರೆ ಸತ್ತವರ ಹೆಂಡತಿ ಮಕ್ಕಳು ಮಾಲೀಕರ ಹಿಂದೆ ಅಲೆಯಬೇಕು. ಅವರ ಹತ್ತಿರ ಏನೂ ಇಲ್ಲದಿದ್ದರೆ ತೀರ್ಪಿನ ಕಾಗದವಷ್ಟೇ ಕೈಯಲ್ಲಿ ಉಳಿಯುತ್ತದೆ. ಕಂಪನಿಯೇ ಪೂರ್ತಿ ಹೊರಲಿ ಅಂದರೆ, ನಿಯಮ ಮುರಿದ ಮಾಲೀಕರಿಗೂ ಪಾಲಿಸಿದವರಿಗೂ ವ್ಯತ್ಯಾಸ ಇಲ್ಲದಂತಾಗುತ್ತದೆ. ಇವೆರಡರ ನಡುವೆ ಕಾನೂನು ಹಿಡಿದ ದಾರಿಯೇ ‘ಪೇ ಅಂಡ್ ರಿಕವರಿ’. ಕೋರ್ಟಿನ ಕಾರಿಡಾರಿನಲ್ಲಿ ಕನ್ನಡದವರೂ ಇದನ್ನು ಇದೇ ಹೆಸರಿನಿಂದ ಕರೆಯುತ್ತಾರೆ.

ಕಾಯ್ದೆಯ ಹಳೆಯ 149ನೇ ಸೆಕ್ಷನ್‌ನಿಂದ ಬೆಳೆದ ತತ್ವ ಇದು. 2019ರ ತಿದ್ದುಪಡಿ ಆದಮೇಲೆ ಆ ಸೆಕ್ಷನ್ 150 ಆಗಿದೆ, 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ತತ್ವವನ್ನು ಗಟ್ಟಿ ಮಾಡಿದ್ದು 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟ್‌ನ ಮೂವರು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪು. ವಕೀಲರು ಇವತ್ತಿಗೂ ಅದನ್ನು ‘ಸ್ವರಣ್ ಸಿಂಗ್ ಕೇಸು’ ಅಂತಲೇ ಹೇಳುತ್ತಾರೆ. ಕರ್ನಾಟಕ ಹೈಕೋರ್ಟ್‌ನ ಪೂರ್ಣಪೀಠವೂ 2020ರಲ್ಲಿ ಇದೇ ದಾರಿಯನ್ನು ಎತ್ತಿಹಿಡಿದಿದೆ.

ಸ್ವರಣ್ ಸಿಂಗ್ ತೀರ್ಪಿನಲ್ಲಿ ಮಾಲೀಕರು ಮರೆಯಬಾರದ ಮಾತೊಂದಿದೆ. ಷರತ್ತು ಮುರಿದಿದೆ ಎಂದು ಕಂಪನಿ ತೋರಿಸಿದರೆ ಸಾಲದು. ಮಾಲೀಕರಿಗೆ ಗೊತ್ತಿದ್ದೇ ಮುರಿದದ್ದು, ಅಥವಾ ಅವರು ತೆಗೆದುಕೊಳ್ಳಬೇಕಾದ ಎಚ್ಚರ ತೆಗೆದುಕೊಳ್ಳಲಿಲ್ಲ ಎಂದೂ ತೋರಿಸಬೇಕು. ಸಾಬೀತು ಮಾಡುವ ಹೊಣೆ ಕಂಪನಿಯದು. ಅಂದರೆ ವಸೂಲಿ ತಾನಾಗಿಯೇ ಬರುವ ಶಿಕ್ಷೆ ಅಲ್ಲ, ಅದನ್ನು ಎದುರಿಸಲು ಮಾಲೀಕರಿಗೆ ಕಾನೂನು ಜಾಗ ಕೊಟ್ಟಿದೆ. ಆ ಜಾಗವನ್ನು ಬಹಳ ಮಂದಿ ಬಳಸಿಕೊಳ್ಳುವುದೇ ಇಲ್ಲ. ಅದಕ್ಕೆ ಮುಂದೆ ಬರುತ್ತೇನೆ.

ಯಾವ ತಪ್ಪಿಗೆ ಬರುತ್ತದೆ ಈ ನೋಟಿಸ್

ಕಂಪನಿ ಯಾವ ಕಾರಣಗಳನ್ನು ಎತ್ತಬಹುದು ಅನ್ನುವುದನ್ನು ಕಾಯ್ದೆಯೇ ಹೇಳಿದೆ. ಅದರಾಚೆಗೆ ಮನಸ್ಸಿಗೆ ಬಂದ ಕಾರಣ ಎತ್ತುವಂತಿಲ್ಲ.

ಎಲ್ಲಕ್ಕಿಂತ ಹೆಚ್ಚು ಬರುವುದು ಲೈಸೆನ್ಸ್ ತಕರಾರು. ಲೈಸೆನ್ಸ್ ಇಲ್ಲ, ಅವಧಿ ಮುಗಿದಿದೆ, ಬೈಕಿನ ಲೈಸೆನ್ಸ್ ಇಟ್ಟುಕೊಂಡು ಕಾರು ಓಡಿಸಿದ್ದಾರೆ, ಲೈಸೆನ್ಸೇ ನಕಲಿ. ಹದಿನೇಳು ವರ್ಷದ ಮಗ ಮನೆಯ ಸ್ಕೂಟರ್ ತೆಗೆದುಕೊಂಡು ಹೋದದ್ದೂ ಇದರಲ್ಲೇ ಬರುತ್ತದೆ. ಅಪ್ರಾಪ್ತರು ಓಡಿಸಿದ ಗಾಡಿಯ ವಿಚಾರದಲ್ಲಿ ಕಂಪನಿ ಕೊಟ್ಟ ಹಣವನ್ನು ಮಾಲೀಕರಿಂದ ವಸೂಲಿ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ‘ಕೀ ನಾನು ಕೊಟ್ಟಿರಲಿಲ್ಲ’ ಅನ್ನುವ ಮಾತು ಅಲ್ಲಿ ಸುಲಭಕ್ಕೆ ನಡೆಯುವುದಿಲ್ಲ. ಇದರ ಜೊತೆಗೆ 199ಎ ಸೆಕ್ಷನ್ ಅಡಿ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂ. ದಂಡ ಬೇರೆ ಇದೆ.

ನಕಲಿ ಲೈಸೆನ್ಸ್ ವಿಚಾರದಲ್ಲಿ ಮಾತ್ರ ಕೋರ್ಟ್‌ಗಳು ಮಾಲೀಕರ ಕಷ್ಟ ಅರ್ಥ ಮಾಡಿಕೊಂಡಿವೆ. ಡ್ರೈವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಾಗ ಲೈಸೆನ್ಸ್ ನೋಡಿದ್ದೀರಿ, ನೋಡಿದರೆ ಸರಿಯಾಗಿಯೇ ಇತ್ತು, ಗಾಡಿ ಓಡಿಸಿ ತೋರಿಸು ಅಂದಾಗ ಚೆನ್ನಾಗಿಯೇ ಓಡಿಸಿದ. ಇಷ್ಟು ಮಾಡಿದ ಮಾಲೀಕರು ಆರ್‌ಟಿಒ ಕಚೇರಿಗೇ ಹೋಗಿ ವಿಚಾರಿಸಬೇಕಿತ್ತು ಅನ್ನುವಂತಿಲ್ಲ ಎಂದು 2003ರಲ್ಲೇ ತೀರ್ಪಾಗಿದೆ. ಆದರೆ ಈಗ ಲೈಸೆನ್ಸ್ ನಂಬರ್ ಹಾಕಿದರೆ ಪರಿವಾಹನ್ ಜಾಲತಾಣದಲ್ಲೇ ವಿವರ ಸಿಗುತ್ತದೆ. ಹೀಗಿರುವಾಗ ‘ನೋಡಲು ಸರಿಯಾಗಿತ್ತು’ ಅನ್ನುವ ಉತ್ತರಕ್ಕೆ ಹಿಂದಿನಷ್ಟು ತೂಕ ಮುಂದೆಯೂ ಇರುತ್ತದೆ ಅಂತ ನಂಬಿ ಕೂರುವುದು ಜಾಣತನ ಅಲ್ಲ.

ಇನ್ನೊಂದು ತಕರಾರು ಬಹಳ ಕಾಲ ಆಟೊ, ಸಣ್ಣ ಗೂಡ್ಸ್ ಗಾಡಿಗಳವರನ್ನು ಕಾಡಿತ್ತು. ಎಲ್‌ಎಂವಿ (ಲಘು ವಾಹನದ) ಲೈಸೆನ್ಸ್ ಇದೆ, ಆದರೆ ಬ್ಯಾಡ್ಜ್, ಅಂದರೆ ಸಾರಿಗೆ ವಾಹನ ಓಡಿಸಬಹುದು ಅನ್ನುವ ನಮೂದು ಇಲ್ಲ, ಆದ್ದರಿಂದ ಷರತ್ತು ಮುರಿದಿದೆ ಅನ್ನುವುದು ಕಂಪನಿಗಳ ವಾದ. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಇದಕ್ಕೆ ತೆರೆ ಎಳೆಯಿತು. ಒಟ್ಟು ತೂಕ 7,500 ಕೆ.ಜಿ. ಒಳಗಿನ ಸಾರಿಗೆ ವಾಹನವನ್ನು ಎಲ್‌ಎಂವಿ ಲೈಸೆನ್ಸ್ ಇರುವವರು ಓಡಿಸಬಹುದು, ಬೇರೆ ನಮೂದು ಬೇಕಿಲ್ಲ. ಇದೊಂದೇ ಕಾರಣಕ್ಕೆ ನಿಮಗೆ ನೋಟಿಸ್ ಬಂದಿದ್ದರೆ ಈ ತೀರ್ಪಿನ ಪ್ರತಿಯನ್ನು ನಿಮ್ಮ ವಕೀಲರ ಮುಂದಿಡಿ.

ಆಮೇಲೆ ಬರುವುದು ವೈಟ್ ಬೋರ್ಡ್ ಗಾಡಿ. ಸ್ವಂತ ಬಳಕೆಗೆ ಅಂತ ಪಾಲಿಸಿ ಮಾಡಿಸಿ, ಶನಿವಾರ ಭಾನುವಾರ ಧರ್ಮಸ್ಥಳಕ್ಕೋ ತಿರುಪತಿಗೋ ಬಾಡಿಗೆಗೆ ಬಿಡುವುದು ನಮ್ಮಲ್ಲಿ ಮಾಮೂಲಿ. ಅಪಘಾತ ಆಗುವವರೆಗೆ ಯಾರೂ ಕೇಳುವುದಿಲ್ಲ. ಆದಮೇಲೆ ಗಾಡಿಯಲ್ಲಿದ್ದವರೇ ಪೊಲೀಸರಿಗೆ ‘ಬಾಡಿಗೆಗೆ ಮಾಡಿಕೊಂಡು ಹೋಗಿದ್ದೆವು’ ಅಂತ ಹೇಳಿಕೆ ಕೊಡುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆ ಹೇಳಿಕೆ ದೋಷಾರೋಪ ಪಟ್ಟಿಗೆ ಸೇರುತ್ತದೆ, ಕಂಪನಿಯ ಕೈಗೆ ಹೋಗುತ್ತದೆ. ಪರ್ಮಿಟ್ ಇಲ್ಲದ, ಪರ್ಮಿಟ್ ಮೀರಿದ ಗಾಡಿಗಳ ಕಥೆಯೂ ಇದೇ.

ಕುಡಿದು ಓಡಿಸುವುದನ್ನು 2019ರ ತಿದ್ದುಪಡಿ ಹೆಸರಿಟ್ಟೇ ಈ ಕಾರಣಗಳ ಸಾಲಿಗೆ ಸೇರಿಸಿದೆ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಆಲ್ಕೋಹಾಲ್ ಇರುವುದು ಅಪರಾಧ. ಆ ವರದಿ ಬಂದರೆ ವಾದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ.

ಪ್ರೀಮಿಯಂ ಚೆಕ್ ಬೌನ್ಸ್ ಆದದ್ದೂ ಒಂದು. ಪಾಲಿಸಿ ರದ್ದಾಗಿದೆ ಎಂದು ಮಾಲೀಕರಿಗೆ ತಿಳಿಸುವ ಮೊದಲೇ ಅಪಘಾತ ಆಗಿದ್ದರೆ ಕಂಪನಿ ಮೂರನೆಯವರಿಗೆ ಕೊಡಬೇಕು, ಆಮೇಲೆ ಮಾಲೀಕರನ್ನು ಕೇಳಬಹುದು.

ಇನ್ನು ಪಾಲಿಸಿಯೇ ಇಲ್ಲದ ಗಾಡಿ ಅಥವಾ ಪಾಲಿಸಿಯ ವ್ಯಾಪ್ತಿಗೇ ಬಾರದ ವ್ಯಕ್ತಿ. ಇದು ಬೇರೆ ಲೆಕ್ಕ. ಕಾರಿಗೆ ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ, ಅದೇ ಕಾರಿನ ಒಳಗೆ ಕೂತ ನಿಮ್ಮ ನೆಂಟರು ಅದರ ವ್ಯಾಪ್ತಿಗೆ ಬರುವುದಿಲ್ಲ. ಬೈಕಿನ ಹಿಂದೆ ಕೂತವರೂ ಅಷ್ಟೆ. ಅವರಿಗೆ ರಕ್ಷಣೆ ಬೇಕಾದರೆ ಪ್ಯಾಕೇಜ್ ಪಾಲಿಸಿ, ಅಂದರೆ ಜನ ಫುಲ್ ಇನ್ಶೂರೆನ್ಸ್ ಅನ್ನುವುದು, ಬೇಕು. ಇಂಥ ಕಡೆ ಕಂಪನಿ ಮೊದಲು ಕೊಡುವ ಪ್ರಶ್ನೆಯೇ ಸಾಮಾನ್ಯವಾಗಿ ಏಳುವುದಿಲ್ಲ. ಹೊರೆ ನೇರವಾಗಿ ಮಾಲೀಕರ ಮೇಲೆ.

ಮೊತ್ತ ಇಷ್ಟು ದೊಡ್ಡದಾಗುವುದು ಹೇಗೆ

ನೋಟಿಸ್ ಒಡೆದವರು ಮೊದಲು ಬೆಚ್ಚುವುದು ಅಂಕಿ ನೋಡಿ. 30 ಲಕ್ಷ, 40 ಲಕ್ಷ. ಯಾರೋ ಸುಮ್ನೆ ಬರೆದ ಮೊತ್ತ ಅಲ್ಲ ಅದು. ಲೆಕ್ಕದ ಸೂತ್ರವನ್ನು ಸುಪ್ರೀಂ ಕೋರ್ಟ್ 2009ರಲ್ಲಿ ಮತ್ತು 2017ರಲ್ಲಿ ನಿಗದಿ ಮಾಡಿದೆ.

ಒಂದು ಉದಾಹರಣೆ ನೋಡೋಣ. ಸತ್ತವರಿಗೆ 30 ವರ್ಷ. ಸ್ವಂತ ಕೆಲಸ, ತಿಂಗಳಿಗೆ 15,000 ರೂ. ದುಡಿಮೆ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ಮುಂದೆ ದುಡಿಮೆ ಹೆಚ್ಚುತ್ತಿತ್ತು ಅನ್ನುವ ಲೆಕ್ಕದಲ್ಲಿ ಶೇ 40 ಸೇರಿಸುತ್ತಾರೆ, 21,000 ಆಯಿತು. ಅವರ ಸ್ವಂತ ಖರ್ಚಿಗೆ ಅಂತ ಕಾಲು ಭಾಗ ಕಳೆಯುತ್ತಾರೆ, 15,750 ಉಳಿಯಿತು. ವರ್ಷಕ್ಕೆ 1,89,000. ಎಷ್ಟು ವರ್ಷದ ದುಡಿಮೆ ಲೆಕ್ಕ ಹಿಡಿಯಬೇಕು ಅನ್ನುವ ಗುಣಕ ಈ ವಯಸ್ಸಿಗೆ 17. ಗುಣಿಸಿದರೆ 32,13,000 ರೂ. ಅಂತ್ಯಕ್ರಿಯೆ, ಆಸ್ತಿ ನಷ್ಟ, ಗಂಡನನ್ನು ಅಥವಾ ಅಪ್ಪನನ್ನು ಕಳೆದುಕೊಂಡದ್ದಕ್ಕೆ ಅಂತ ಕೊಡುವ ಹಣ ಬೇರೆ.

ಇದರ ಮೇಲೆ ಬಡ್ಡಿ. ಕೇಸು ಹಾಕಿದ ದಿನದಿಂದ ಹಣ ಠೇವಣಿ ಆಗುವ ದಿನದವರೆಗೆ. ಶೇ 6 ಅಂತ ಹಿಡಿದರೂ ನಾಲ್ಕು ವರ್ಷಕ್ಕೆ ಏಳೂಮುಕ್ಕಾಲು ಲಕ್ಷ ಸೇರುತ್ತದೆ. ಒಟ್ಟು 40 ಲಕ್ಷದ ಹತ್ತಿರ.

ಸಾವಿರ ಸಿಸಿಯಿಂದ ಒಂದೂವರೆ ಸಾವಿರ ಸಿಸಿವರೆಗಿನ ಕಾರಿಗೆ 2022ರ ಜೂನ್‌ನಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ಪ್ರೀಮಿಯಂ ವರ್ಷಕ್ಕೆ 3,416 ರೂ. ಮೇಲಿನ ಇಷ್ಟು ದೊಡ್ಡ ಹೊಣೆಯನ್ನು ಹೊರುವುದು ಆ ಸಣ್ಣ ಮೊತ್ತ. ಒಂದು ಷರತ್ತು ಮುರಿದರೆ ಹೊಣೆ ವಾಪಸ್ ಮಾಲೀಕರ ಹೆಗಲಿಗೆ ಬರುತ್ತದೆ.

ಸೋಲುವುದು ಎಲ್ಲಿ

ವಸೂಲಿ ನೋಟಿಸ್ ಬಂದ ದಿನ ಎಲ್ಲ ಶುರುವಾಯಿತು ಅಂತ ಜನ ತಿಳಿಯುತ್ತಾರೆ. ನಿಜವಾಗಿ ಆ ದಿನ ಬಹಳಷ್ಟು ಮುಗಿದಿರುತ್ತದೆ. ನನ್ನ ಪ್ರಕಾರ ಈ ಇಡೀ ವಿಚಾರದಲ್ಲಿ ಜನರಿಗೆ ತಲುಪಲೇಬೇಕಾದ ಮಾತು ಇದು.

ಅಪಘಾತ ಆದಮೇಲೆ ಪೆಟ್ಟಾದವರು ಅಥವಾ ಸತ್ತವರ ಮನೆಯವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗುತ್ತಾರೆ. ಬೆಂಗಳೂರಿನಲ್ಲಾದರೆ ಲಘು ವ್ಯವಹಾರಗಳ ನ್ಯಾಯಾಲಯ, ಬೇರೆ ಊರುಗಳಲ್ಲಿ ಅಲ್ಲಲ್ಲಿನ ಸಿವಿಲ್ ಅಥವಾ ಜಿಲ್ಲಾ ನ್ಯಾಯಾಲಯ. ಇಲ್ಲಿ ಹಾಕುವ ಕೇಸಿಗೆ ಎಂವಿಸಿ ಕೇಸು ಅನ್ನುತ್ತಾರೆ. ಮಾಲೀಕರು ಒಬ್ಬ ಎದುರುದಾರ, ವಿಮಾ ಕಂಪನಿ ಇನ್ನೊಬ್ಬ ಎದುರುದಾರ. ಇಬ್ಬರಿಗೂ ಸಮನ್ಸ್ ಬರುತ್ತದೆ.

ಮಾಲೀಕರು ಏನು ಮಾಡುತ್ತಾರೆ? ‘ಇನ್ಶೂರೆನ್ಸ್ ಇದೆಯಲ್ಲ, ಅವರೇ ನೋಡಿಕೊಳ್ಳುತ್ತಾರೆ ಬಿಡಿ’ ಅಂತ ಸಮನ್ಸನ್ನು ಬೀರುವಿನಲ್ಲಿ ಇಡುತ್ತಾರೆ. ವಕೀಲರ ಫೀಸು ಯಾಕೆ ಸುಮ್ನೆ ಅಂತ ಹೋಗುವುದಿಲ್ಲ. ನ್ಯಾಯಮಂಡಳಿ ಅವರನ್ನು ಗೈರುಹಾಜರಿ ಎಂದು ದಾಖಲಿಸಿ ಏಕಪಕ್ಷೀಯವಾಗಿ ಮುಂದುವರಿಯುತ್ತದೆ.

ಕಂಪನಿಯ ವಕೀಲರು ಅಲ್ಲಿ ಇರುತ್ತಾರೆ, ನಿಜ. ಆದರೆ ಅವರು ಕಂಪನಿಯ ವಕೀಲರು. ಅಪಘಾತ ಹೀಗಾಗಲಿಲ್ಲ, ಮೊತ್ತ ಜಾಸ್ತಿಯಾಯಿತು ಅನ್ನುವ ಮಾತಿನಲ್ಲಿ ನಿಮ್ಮ ಹಿತವೂ ಕಂಪನಿಯ ಹಿತವೂ ಒಂದೇ. ಲೈಸೆನ್ಸ್ ಇರಲಿಲ್ಲ, ಪರ್ಮಿಟ್ ಇರಲಿಲ್ಲ ಅನ್ನುವ ಮಾತು ಬಂದ ಕೂಡಲೇ ಅವರು ನಿಮ್ಮ ಎದುರಾಳಿ. ಇಷ್ಟನ್ನು ತಿಳಿಯದೆ ಎಷ್ಟು ಮನೆಗಳು ಹಾಳಾಗುತ್ತವೆ ಅನ್ನುವುದನ್ನು ನೆನೆದರೆ ಸಂಕಟವಾಗುತ್ತದೆ.

ಕಂಪನಿ ಮುಂದೆ ಮಾಡುವುದು ಹೀಗೆ. ಡಿಎಲ್ ಹಾಜರುಪಡಿಸಿ ಅಂತ ಮಾಲೀಕರಿಗೆ, ಚಾಲಕರಿಗೆ ಒಂದು ರಿಜಿಸ್ಟರ್ಡ್ ನೋಟಿಸ್ ಕಳಿಸುತ್ತದೆ. ಉತ್ತರ ಬರುವುದಿಲ್ಲ. ಲೈಸೆನ್ಸ್ ಇಲ್ಲದ್ದಕ್ಕೆ ಪೊಲೀಸರು ದೋಷಾರೋಪ ಹಾಕಿದ್ದರೆ ಅದರ ಪ್ರತಿ ಕೊಡುತ್ತದೆ. ಬೇಕಾದರೆ ಆರ್‌ಟಿಒ ಸಿಬ್ಬಂದಿಯನ್ನು ಸಾಕ್ಷಿಗೆ ಕರೆಸುತ್ತದೆ. ಎದುರು ಮಾತಾಡುವವರೇ ಇಲ್ಲ. ಚಾಲಕನ ಹತ್ತಿರ ನಿಜವಾಗಿ ಲೈಸೆನ್ಸ್ ಇದ್ದೂ ಅದನ್ನು ಕೊಡುವವರಿಲ್ಲದೆ ‘ಲೈಸೆನ್ಸ್ ಇಲ್ಲ’ ಎಂದು ತೀರ್ಮಾನವಾಗಿಬಿಡಬಹುದು. ಮಾಲೀಕರು ಎಚ್ಚರ ವಹಿಸಿದ್ದರೋ ಇಲ್ಲವೋ ಅನ್ನುವ ಪ್ರಶ್ನೆಗೂ ಉತ್ತರ ಹೇಳುವವರಿಲ್ಲ. ಆದೇಶದ ಕೊನೆಯಲ್ಲಿ ಎರಡು ಸಾಲು ಬರುತ್ತದೆ: ಕಂಪನಿ ಪರಿಹಾರ ಠೇವಣಿ ಇಡಲಿ, ಆಮೇಲೆ ಮಾಲೀಕರಿಂದ ವಸೂಲಿ ಮಾಡಲಿ.

ಆ ಎರಡು ಸಾಲಿನ ಬಲ ದೊಡ್ಡದು. ವಸೂಲಿಗೆ ಕಂಪನಿ ಹೊಸ ದಾವೆ ಹೂಡಬೇಕಿಲ್ಲ, ಅದೇ ಕೋರ್ಟಿನಲ್ಲಿ ಅಮಲ್ಜಾರಿ ಅರ್ಜಿ, ಅಂದರೆ ಆದೇಶ ಜಾರಿ ಮಾಡಿಸಿ ಅನ್ನುವ ಅರ್ಜಿ, ಹಾಕಿದರೆ ಸಾಕು ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿದೆ. ಅಂದರೆ ತಪ್ಪಾಯಿತೋ ಇಲ್ಲವೋ ಅನ್ನುವ ವಿಚಾರಣೆ ಮತ್ತೆ ನಡೆಯುವುದಿಲ್ಲ. ನೇರವಾಗಿ ಜಪ್ತಿಯ ಮಾತು. ಗಾಡಿ, ನಿವೇಶನ, ಬ್ಯಾಂಕ್ ಖಾತೆ. 174ನೇ ಸೆಕ್ಷನ್ ಪ್ರಕಾರ ಭೂಕಂದಾಯ ಬಾಕಿಯಂತೆ ಜಿಲ್ಲಾಧಿಕಾರಿ ಮೂಲಕವೂ ವಸೂಲಿ ಮಾಡಬಹುದು.

ಮೂರು ಕಡೆಯ ವಾದ

ಕಂಪನಿಗಳು ಕೇಳುವುದು ಇಷ್ಟು: ಷರತ್ತು ಮುರಿದವರ ಪರವಾಗಿ ನಾವೇಕೆ ಕೊಡಬೇಕು? ವಸೂಲಿ ಆದೇಶ ಕೈಯಲ್ಲಿದ್ದರೂ ಆಟೊ ಓಡಿಸುವವರಿಂದ 30 ಲಕ್ಷ ಹುಟ್ಟುತ್ತದೆಯೇ? ಹುಟ್ಟದ ಹಣ ಕೊನೆಗೆ ನಿಯಮ ಪಾಲಿಸುವ ಎಲ್ಲರ ಪ್ರೀಮಿಯಂಗೆ ಸೇರುತ್ತದೆ. ಈ ವಾದದಲ್ಲಿ ಹುರುಳಿದೆ.

ಮಾಲೀಕರ ಕಡೆಯ ಮಾತೂ ಹಗುರವಲ್ಲ. ಅಪಘಾತ ಆದದ್ದು ಎದುರಿನವರು ಅಡ್ಡ ಬಂದದ್ದರಿಂದಲೋ ಬ್ರೇಕ್ ಹಿಡಿಯದ್ದರಿಂದಲೋ ಇರಬಹುದು. ಪರ್ಮಿಟ್ ಕಾಗದಕ್ಕೂ ಅದಕ್ಕೂ ಏನು ಸಂಬಂಧ? 2014ರ ಬಸ್ ಪ್ರಕರಣದಲ್ಲಿ ಕಂಪನಿಯೂ ಸುಪ್ರೀಂ ಕೋರ್ಟಿಗೆ ಹೋಗಿತ್ತು, ಮಾಲೀಕರೂ ಹೋಗಿದ್ದರು. ‘ನಾವೇಕೆ ಕೊಡಬೇಕು’ ಅನ್ನುವುದು ಕಂಪನಿಯ ಅಹವಾಲು, ‘ನನ್ನಿಂದೇಕೆ ವಸೂಲಿ’ ಅನ್ನುವುದು ಮಾಲೀಕರದು. ಇಬ್ಬರ ಮೇಲ್ಮನವಿಯೂ ವಜಾ ಆಯಿತು.

ಬೈಕ್ ಸವಾರನ ಮನೆಯವರಿಗೆ ಇವರಿಬ್ಬರ ಜಗಳದಲ್ಲಿ ಯಾವ ಪಾತ್ರವೂ ಇಲ್ಲ. ಅವರು ಆ ಬಸ್ಸಿನ ಪರ್ಮಿಟ್ ನೋಡಿ ರಸ್ತೆಗೆ ಇಳಿಯಲು ಆಗುತ್ತಿತ್ತೇ? 2014ರ ಸಾವಿಗೆ 2025ರಲ್ಲಿ ಕೊನೆಯ ಮಾತು ಬಂತು. ಹನ್ನೊಂದು ವರ್ಷ! ಕಂಪನಿ ಮೊದಲು ಕೊಡಲಿ ಅನ್ನುವ ನಿಯಮ ಇಲ್ಲದಿದ್ದರೆ ಈ ಕಾಯುವಿಕೆಗೆ ಕೊನೆಯೇ ಇರುತ್ತಿರಲಿಲ್ಲ. ಹಾಗಾಗಿ ಈ ನಿಯಮ ಸರಿಯಾಗಿಯೇ ಇದೆ ಅಂತ ನಾನು ನಂಬುತ್ತೇನೆ. ತಿದ್ದಬೇಕಾದದ್ದು ಮಾಲೀಕರಿಗೆ ಮಾಹಿತಿ ತಲುಪುವ ರೀತಿ. ಪಾಲಿಸಿ ಮಾರುವಾಗ ಯಾರೂ ಇದನ್ನು ಕನ್ನಡದಲ್ಲಿ ಕೂತು ಹೇಳುವುದಿಲ್ಲ. ಸಮನ್ಸ್ ಬಂದಾಗ ಕೋರ್ಟಿಗೆ ಹೋಗಿ ಅಂತ ಏಜೆಂಟರು ಒಂದು ಮಾತು ಹೇಳಿದ್ದರೂ ಎಷ್ಟೋ ಮನೆ ಉಳಿಯುತ್ತಿದ್ದವು.

2022ರ ಏಪ್ರಿಲ್‌ನಿಂದ ಇನ್ನೊಂದು ಬದಲಾವಣೆ ಆಗಿದೆ. ಅಪಘಾತದ ಮೊದಲ ವರದಿಯನ್ನು ಪೊಲೀಸರು 48 ಗಂಟೆಯೊಳಗೆ, ವಿವರವಾದ ವರದಿಯನ್ನು 90 ದಿನದೊಳಗೆ ನ್ಯಾಯಮಂಡಳಿಗೆ ಕೊಡಬೇಕು. ಕಂಪನಿಗೂ ಪ್ರತಿ ಹೋಗುತ್ತದೆ. ಡಿಎಲ್, ಆರ್‌ಸಿ, ಎಫ್‌ಸಿ, ಪರ್ಮಿಟ್ ಎಲ್ಲ ಅದರಲ್ಲೇ ಬರುತ್ತದೆ. ಸಂತ್ರಸ್ತರಿಗೆ ಇದು ಒಳ್ಳೆಯದು. ಮಾಲೀಕರ ದೋಷವೂ ಮೊದಲ ಕೆಲವು ತಿಂಗಳಲ್ಲೇ ಬೆಳಕಿಗೆ ಬರುತ್ತದೆ. ಆದ್ದರಿಂದ ವಸೂಲಿ ಆದೇಶಗಳು ಮುಂದೆ ಕಡಿಮೆಯಾಗುವ ಲಕ್ಷಣ ಕಾಣುವುದಿಲ್ಲ.

ಕೇಳುತ್ತಿರುವವರು ಯಾವ ಕಂಪನಿ?

ಇಲ್ಲಿವರೆಗೆ ಹೇಳಿದ್ದು ನಿಮ್ಮದೇ ವಿಮಾ ಕಂಪನಿಯ ನೋಟಿಸ್ ಬಗ್ಗೆ. ಇನ್ನೊಂದು ಬಗೆ ಇದೆ. ಎದುರಿನವರ ಕಂಪನಿ ಅವರ ಕಾರು ರಿಪೇರಿಗೆ ಹಣ ಕೊಟ್ಟು, ಅವರ ಹಕ್ಕನ್ನು ತಾನು ಪಡೆದುಕೊಂಡು ನಿಮ್ಮನ್ನು ಕೇಳುವುದು. ಇದಕ್ಕೆ ಸಬ್ರೊಗೇಶನ್ ಅನ್ನುತ್ತಾರೆ. ಅಮೆರಿಕದಲ್ಲಿರುವ ನಮ್ಮ ಹುಡುಗ ಹುಡುಗಿಯರಿಗೆ ಇಂಥ ಪತ್ರ ಆಗಾಗ ಬರುತ್ತದೆ. ಅಲ್ಲಿ ಮಾಡಬೇಕಾದದ್ದು, ಪತ್ರವನ್ನು ಕೂಡಲೇ ನಿಮ್ಮ ವಿಮಾ ಕಂಪನಿಗೆ ಕಳಿಸುವುದು. ಹೆದರಿ ಸ್ವಂತ ಕೈಯಿಂದ ಕಟ್ಟಬೇಡಿ, ತಪ್ಪು ನನ್ನದೇ ಅಂತ ಬರೆದೂ ಕೊಡಬೇಡಿ.

ಭಾರತದ ಪಾಲಿಸಿಯಲ್ಲೂ ಇಂಥ ಷರತ್ತು ಇದೆ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪು ಒಪ್ಪಿಕೊಳ್ಳುವಂತಿಲ್ಲ, ಹಣ ಕೊಡುತ್ತೇನೆ ಅಂತ ಮಾತು ಕೊಡುವಂತಿಲ್ಲ. ಪೊಲೀಸ್ ಠಾಣೆ ಮುಂದೆ ‘ರಾಜಿ’ ಬರೆದುಕೊಡುವವರು ಇದನ್ನು ನೆನಪಿಡಬೇಕು. ಪೆಟ್ಟಾದವರನ್ನು ಆಸ್ಪತ್ರೆಗೆ ಸೇರಿಸುವುದಕ್ಕೆ ಇದು ಅಡ್ಡಿಯಲ್ಲ. ಅದು ಮಾಡಲೇಬೇಕಾದ ಕೆಲಸ.

ನೋಟಿಸ್ ಕೈಗೆ ಬಂದ ಮೇಲೆ

ಮೊದಲು ಅದು ಯಾವ ಹಂತದ್ದು ಅಂತ ನೋಡಿ. ಎಂವಿಸಿ ನಂಬರ್ ಇರುವ ಸಮನ್ಸ್ ಆದರೆ ಅದೃಷ್ಟ, ಇನ್ನೂ ಸಮಯ ಇದೆ. ಅದರ ಪ್ರತಿಯನ್ನು ಕಂಪನಿಗೆ ಕಳಿಸಿ ಸ್ವೀಕೃತಿ ಇಟ್ಟುಕೊಳ್ಳಿ. ನಿಮ್ಮದೇ ವಕೀಲರಿಂದ ವಕಾಲತ್ತು ಹಾಕಿಸಿ. ಡಿಎಲ್, ಆರ್‌ಸಿ, ಪಾಲಿಸಿ, ಪರ್ಮಿಟ್, ಎಫ್‌ಸಿ ಪ್ರತಿಗಳನ್ನು ಆಕ್ಷೇಪಣೆ ಜೊತೆಗೇ ಕೊಡಿ. ಡ್ರೈವರನ್ನು ಕೆಲಸಕ್ಕೆ ಇಟ್ಟುಕೊಂಡಾಗ ಏನೇನು ನೋಡಿದಿರಿ ಅನ್ನುವುದನ್ನು ಸಾಕ್ಷಿ ಕಟ್ಟೆಯಲ್ಲಿ ನೀವೇ ನಿಂತು ಹೇಳಬೇಕು. ಬೇರೆ ಯಾರೂ ಅದನ್ನು ಹೇಳಲಾರರು.

ಕಂಪನಿಯ ವಕೀಲರ ಪತ್ರ ಮಾತ್ರ ಬಂದಿದ್ದರೆ ತೀರ್ಪಿನ ಪ್ರತಿ ತರಿಸಿ ಓದಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ಕೇಸಿನ ನಂಬರ್ ಹಾಕಿ ಹುಡುಕಬಹುದು. ಆದೇಶದಲ್ಲಿ ವಸೂಲಿಯ ಸಾಲು ಇಲ್ಲದಿದ್ದರೆ ಪತ್ರಕ್ಕೆ ಅಷ್ಟು ಬಲ ಇಲ್ಲ. ಇದ್ದರೆ ಎರಡು ದಾರಿ. ಸಮನ್ಸ್ ನಿಮಗೆ ಸರಿಯಾಗಿ ತಲುಪಿರಲೇ ಇಲ್ಲ ಅನ್ನುವುದಾದರೆ, ವಿಷಯ ತಿಳಿದ 30 ದಿನದೊಳಗೆ ಏಕಪಕ್ಷೀಯ ಆದೇಶ ತೆಗೆದುಹಾಕಲು ಅದೇ ನ್ಯಾಯಮಂಡಳಿಯನ್ನು ಕೇಳಬಹುದು. ಇಲ್ಲವೇ 173ನೇ ಸೆಕ್ಷನ್ ಅಡಿ ಹೈಕೋರ್ಟಿಗೆ ಮೇಲ್ಮನವಿ. ಅದಕ್ಕೆ 90 ದಿನ. ತಡವಾದರೆ ಸರಿಯಾದ ಕಾರಣ ಹೇಳಿ ಮನ್ನಿಸುವಂತೆ ಕೇಳಬೇಕು. ಮೇಲ್ಮನವಿ ಜೊತೆ 25,000 ರೂ. ಅಥವಾ ಪರಿಹಾರದ ಅರ್ಧ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಠೇವಣಿ ಇಡಬೇಕು. 40 ಲಕ್ಷ ಪೂರ್ತಿ ಕಟ್ಟದೆ ಹೈಕೋರ್ಟಿಗೆ ಹೋಗಲಾಗದು ಅಂತ ಹೆದರಿ ಸುಮ್ಮನಾಗುವವರಿದ್ದಾರೆ, ಹಾಗೇನೂ ಇಲ್ಲ.

‘ಆ ಗಾಡಿ ಮಾರಿ ಎರಡು ವರ್ಷ ಆಗಿತ್ತು’ ಅನ್ನುವವರ ಸ್ಥಿತಿ ನಿಜಕ್ಕೂ ಕಷ್ಟದ್ದು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮಾರಾಟದ ಕರಾರು, ಡೆಲಿವರಿ ನೋಟ್ ತೋರಿಸಿ ಕೊಂಡವರನ್ನೂ ಕೇಸಿಗೆ ಸೇರಿಸುವಂತೆ ಕೇಳಬಹುದು, ಆದರೆ ಸಂತ್ರಸ್ತರಿಗೆ ಉತ್ತರ ಕೊಡಬೇಕಾದವರು ನೀವೇ ಆಗುತ್ತೀರಿ. ಗಾಡಿ ಮಾರಿದವರು ಆರ್‌ಸಿ ವರ್ಗಾವಣೆ ಆಯಿತೇ ಅಂತ ಜಾಲತಾಣದಲ್ಲಿ ಇವತ್ತೇ ಒಮ್ಮೆ ನೋಡಿಬಿಡಿ. ಐದು ನಿಮಿಷದ ಕೆಲಸ.

ಅಮಲ್ಜಾರಿ ಅರ್ಜಿಯೇ ಬಂದುಬಿಟ್ಟಿದೆ, ಮೇಲ್ಮನವಿಗೂ ಕಾರಣ ಇಲ್ಲ ಅನ್ನುವವರಿಗೆ ಉಳಿಯುವುದು ಮಾತುಕತೆ. ಜಪ್ತಿ ಆದೇಶ ಆಗುವವರೆಗೆ ತಲೆಮರೆಸಿಕೊಳ್ಳುವುದಕ್ಕಿಂತ ಕೋರ್ಟಿಗೆ ಹಾಜರಾಗಿ, ಆದಾಯದ ದಾಖಲೆ ಇಟ್ಟು, ಕಂತಿನಲ್ಲಿ ಕಟ್ಟಲು ಅವಕಾಶ ಕೇಳುವುದು ಮೇಲು. ಆಟೊ ಮಾಲೀಕರಿಂದ 30 ಲಕ್ಷ ಹುಟ್ಟುವುದಿಲ್ಲ ಅಂತ ಕಂಪನಿಗೂ ಗೊತ್ತು. ಲೋಕ ಅದಾಲತ್‌ನಲ್ಲಿ ಕಡಿಮೆ ಮೊತ್ತಕ್ಕೆ ಒಪ್ಪಂದ ಕೇಳಬಹುದು. ಅಲ್ಲಿ ಆದ ಒಪ್ಪಂದಕ್ಕೆ ಕೋರ್ಟಿನ ಡಿಕ್ರಿಯಷ್ಟೇ ಬೆಲೆ, ಅದರ ಮೇಲೆ ಮೇಲ್ಮನವಿ ಇಲ್ಲ. ಆದ್ದರಿಂದ ಎಷ್ಟು, ಎಷ್ಟು ಕಂತು, ಬಡ್ಡಿ ನಿಂತಿತೇ, ಜಪ್ತಿ ತೆಗೆದರೇ ಅನ್ನುವ ನಾಲ್ಕನ್ನೂ ಬರವಣಿಗೆಯಲ್ಲಿ ನೋಡಿಯೇ ಸಹಿ ಹಾಕಿ. ವಕೀಲರಿಗೆ ಕೊಡಲು ಹಣ ಇಲ್ಲದವರು ಜಿಲ್ಲಾ ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ. ಉಳಿದವರಿಗೆ ಆದಾಯದ ಮಿತಿ ಇದೆ. ನೋಟಿಸ್, ತೀರ್ಪಿನ ಪ್ರತಿ, ಪಾಲಿಸಿ ಈ ಮೂರನ್ನೂ ಜೊತೆಗೆ ತೆಗೆದುಕೊಂಡು ಹೋಗಿ.